ಪಾಲಿಶ್ ಮಷಿನ್ ಹಿಡಿಯಲು ಕೈ ನಡುಗುತ್ತದೆಯೇ?

ಕಾರಿನ ಬಣ್ಣಕ್ಕೆ ಮಷಿನ್ ಹಚ್ಚುವ ಬಗ್ಗೆ ಈ ಸಲ ಎಷ್ಟು ಪತ್ರ ಬಂದಿವೆಯೆಂದರೆ ಬ್ರೇಕು, ಬ್ಯಾಟರಿ, ಮೈಲೇಜಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಮಷಿನ್ ಮನೆಗೆ ಬಂದಿದೆ, ಹಚ್ಚಲು ಧೈರ್ಯ ಬರುತ್ತಿಲ್ಲ ಎಂಬುದೇ ಹೆಚ್ಚಿನವರ ಅಳಲು. ಭಯ ಇರಲಿ, ಅದರಿಂದ ಕಾರಿಗೆ ಒಳ್ಳೆಯದೇ. ಆದರೆ ಹೆದರಬೇಕಾದ ಕಡೆ ಹೆದರದೆ, ಹೆದರಬೇಕಿಲ್ಲದ ಕಡೆ ಹೆದರುತ್ತಿರುವವರೇ ಜಾಸ್ತಿ. ಕೆಲವನ್ನು ಆಯ್ದು ಉತ್ತರಿಸಿದ್ದೇನೆ.

ನನ್ನದು ಎರಡು ವರ್ಷದ ಕಪ್ಪು ಕಾರು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಸುತ್ತುಸುತ್ತಾದ ಸಣ್ಣ ಗೀರುಗಳು ಕಾಣುತ್ತವೆ. ಯುಗಾದಿ ಆಫರ್‌ನಲ್ಲಿ ಡಿಎ ಪಾಲಿಶರ್ ತರಿಸಿದೆ. ಗಣೇಶನ ಹಬ್ಬ ಬಂದರೂ ಡಬ್ಬಿ ಬಿಚ್ಚಿಲ್ಲ. ವಿಡಿಯೊ ನೋಡಿದಷ್ಟೂ ಭಯ ಜಾಸ್ತಿಯಾಗುತ್ತಿದೆ. ಬಣ್ಣ ಸುಟ್ಟು ತಗಡು ಕಂಡುಬಿಟ್ಟರೆ? 'ಮಾರಿಬಿಡಿ ಅದನ್ನ' ಅಂತ ಮನೆಯಲ್ಲಿ ದಿನಾ ಹೇಳುತ್ತಿದ್ದಾರೆ. ಏನು ಮಾಡಲಿ?
— ವಿಜಯನಗರ, ಬೆಂಗಳೂರು

ಮಾರಬೇಡಿ. ವಿಡಿಯೊ ನೋಡುವುದನ್ನು ನಿಲ್ಲಿಸಿ.

ನಿಮ್ಮ ಕಾರಿನ ತಗಡಿನ ಮೇಲೆ ನಾಲ್ಕು ಪದರಗಳಿವೆ. ತುಕ್ಕು ತಡೆಯಲು ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನು ತೊಟ್ಟಿಗೆ ಅದ್ದಿ ವಿದ್ಯುತ್ ಹರಿಸಿ ಕೂರಿಸಿದ್ದು ಮೊದಲನೆಯದು. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದರಲ್ಲಿ ಕ್ಲಿಯರ್ ಕೋಟಿನದು 35ರಿಂದ 50 ಮೈಕ್ರಾನ್. ನಿಮ್ಮನ್ನು ಕಾಡುತ್ತಿರುವ ಗೀರುಗಳು ಈ ಕ್ಲಿಯರ್ ಕೋಟಿನ ಮೇಲುಮೈಯಲ್ಲಿವೆ, ಕೆಳಗಿನ ಕಪ್ಪು ಬಣ್ಣವನ್ನು ಮುಟ್ಟಿಯೇ ಇಲ್ಲ. ಡಿಎ ಮಷಿನ್‌ಗೆ ಫೋಮ್ ಪ್ಯಾಡ್ ಹಾಕಿ ಒಂದು ಸಲ ಪಾಲಿಶ್ ಮಾಡಿದರೆ ಸವೆಯುವುದು ಒಂದರಿಂದ ಮೂರು ಮೈಕ್ರಾನ್. ಅದೇ ಮಷಿನ್‌ನಲ್ಲಿ ತಗಡು ಕಾಣಿಸಬೇಕಾದರೆ ಒಂದೇ ಜಾಗದಲ್ಲಿ ಹಟ ಹಿಡಿದು ಉಜ್ಜುತ್ತಾ ನಿಲ್ಲಬೇಕು.

ಹಾಗಾದರೆ ಬಣ್ಣ ಸುಟ್ಟ ಕಥೆಗಳೆಲ್ಲ ಸುಳ್ಳೇ ಎಂದು ಕೇಳುತ್ತೀರಿ. ನಿಜವೇ, ಆದರೆ ಅವು ಬಹುಮಟ್ಟಿಗೆ ರೋಟರಿ ಮಷಿನ್ನಿನ ಕಥೆಗಳು. ರೋಟರಿಯಲ್ಲಿ ಪ್ಯಾಡ್ ನೇರವಾಗಿ ಮೋಟಾರಿಗೆ ಸಿಕ್ಕಿಕೊಂಡು ಒಂದೇ ಅಚ್ಚಿನ ಮೇಲೆ ಸುತ್ತುತ್ತದೆ. ಒತ್ತಿದರೂ ನಿಲ್ಲುವುದಿಲ್ಲ, ಒತ್ತಿದಷ್ಟೂ ಶಾಖ ಒಂದೇ ಕಡೆ ಸೇರುತ್ತದೆ. ಡಿಎ, ಅಂದರೆ ಡ್ಯುಯಲ್ ಆ್ಯಕ್ಷನ್, ಹಾಗಲ್ಲ. ಮೋಟಾರು ಪ್ಯಾಡನ್ನು ಒಂದು ಪುಟ್ಟ ವೃತ್ತದಲ್ಲಿ ಅಲುಗಾಡಿಸುತ್ತದೆ. ಮಷಿನ್ನಿನ ಮೇಲೆ 8, 15 ಅಥವಾ 21 ಮಿ.ಮೀ. ಎಂದು ಬರೆದಿರುವುದು ಈ ವೃತ್ತದ ಅಳತೆ. ಆ ಅಲುಗಾಟದ ರಭಸಕ್ಕೆ ಪ್ಯಾಡ್ ತನ್ನಷ್ಟಕ್ಕೆ ತಿರುಗತೊಡಗುತ್ತದೆ. ಈ ತಿರುಗಾಟದ ಮೇಲೆ ಮೋಟಾರಿಗೆ ನೇರ ಹಿಡಿತವಿಲ್ಲ. ನೀವು ಅತಿಯಾಗಿ ಒತ್ತಿದಿರೋ, ಮಷಿನ್ ಓರೆ ಹಿಡಿದಿರೋ, ಪ್ಯಾಡ್ ತಿರುಗುವುದನ್ನು ಬಿಟ್ಟು ನಿಂತಲ್ಲೇ ಗಡಗಡ ಎನ್ನುತ್ತದೆ. ಹೊಸಬರ ತಪ್ಪನ್ನು ಮಷಿನ್ನೇ ತಡೆಯುವ ಏರ್ಪಾಡು ಇದು. ಒಂದು ಮಾತು ಮಾತ್ರ: 'ಫೋರ್ಸ್ಡ್ ರೊಟೇಶನ್' ಎಂದು ಬರೆದ ಡಿಎಗಳೂ ಸಿಗುತ್ತವೆ. ಅವುಗಳಲ್ಲಿ ತಿರುಗಾಟವೂ ಗೇರಿನ ಮೂಲಕವೇ ಬರುವುದರಿಂದ ಪ್ಯಾಡ್ ನಿಲ್ಲುವುದಿಲ್ಲ. ನಿಮ್ಮ ಡಬ್ಬಿಯ ಮೇಲೆ ಏನಿದೆ ಓದಿಕೊಳ್ಳಿ.

ಈಗ ಕೆಲಸಕ್ಕೆ ಬನ್ನಿ. ಮೊದಲು ಗುಜರಿ ಅಂಗಡಿಯಿಂದ ಒಂದು ಹಳೆಯ ಬಾನೆಟ್ಟೋ ಬಾಗಿಲೋ ತನ್ನಿ. ಗಾಢ ಬಣ್ಣದ್ದಾದರೆ ಒಳ್ಳೆಯದು, ತಪ್ಪುಒಪ್ಪು ಚೆನ್ನಾಗಿ ಕಾಣುತ್ತದೆ. ಪ್ಯಾಡ್ ಅಂಟಿಸುವ ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ದಪ್ಪನೆಯ ಒಂದು ಗೆರೆ ಎಳೆಯಿರಿ. ಮಷಿನ್ ಓಡುವಾಗ ಆ ಗೆರೆ ಸುತ್ತುತ್ತಿದ್ದರೆ ಪ್ಯಾಡ್ ತಿರುಗುತ್ತಿದೆ ಎಂದರ್ಥ. ಗೆರೆ ನಿಂತರೆ ಒತ್ತಡ ಹೆಚ್ಚಾಗಿದೆ ಅಥವಾ ಮಷಿನ್ ವಾಲಿದೆ. ಕಾಸು ಖರ್ಚಿಲ್ಲದ ಈ ಗೆರೆ ಕೈಗೆ ಕಲಿಸುವಷ್ಟನ್ನು ಯಾವ ವಿಡಿಯೊವೂ ಕಲಿಸದು. ಗುಜರಿ ಬಾನೆಟ್ಟಿನ ಮೇಲೆ ಬೇಕೆಂದೇ ಜೋರಾಗಿ ಒತ್ತಿ ನೋಡಿ, ಓರೆ ಹಿಡಿದು ನೋಡಿ, ಅಂಚಿನ ಮೇಲೆ ಹೆಚ್ಚು ಹೊತ್ತು ಆಡಿಸಿ ಬಣ್ಣ ಹೇಗೆ ಹೋಗುತ್ತದೆಂದು ಕಣ್ಣಾರೆ ಕಾಣಿರಿ. ಕೆಡಿಸುವುದಕ್ಕೂ ಎಷ್ಟು ಕಷ್ಟಪಡಬೇಕು ಎಂಬುದು ಗೊತ್ತಾದ ಮೇಲೆ ಅರ್ಧ ಭಯ ಇಳಿಯುತ್ತದೆ. ಉಳಿದರ್ಧ ಇರಲಿ. ಅಂಚಿನ ಬಳಿ ಹೋದಾಗ ಬೇಕಾಗುತ್ತದೆ.

ಆಮೇಲೆ ನಿಮ್ಮ ಕಾರು. ಚೆನ್ನಾಗಿ ತೊಳೆದು ಒಣಗಿಸಿ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಬಾನೆಟ್ ಸವರಿ; ಮರಳು ಮರಳಾಗಿ ತಗುಲಿದರೆ ಧೂಳು, ಕಬ್ಬಿಣದ ಕಣ, ಟಾರು ಕಚ್ಚಿಕೊಂಡಿವೆ. ಮೊದಲು ಜಾರುವ ದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಜೇಡಿಮಣ್ಣಿನಂಥ ಕ್ಲೇ ಬಾರ್ ಆಡಿಸಿ ಅವನ್ನು ತೆಗೆಯಿರಿ. ಇದನ್ನು ಬಿಟ್ಟು ಮಷಿನ್ ಹಚ್ಚಿದರೆ ಆ ಕಣಗಳೇ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಎಳೆಯುತ್ತವೆ. ನಂತರ ಬಾನೆಟ್ಟಿನ ಅಂಚು, ಎದ್ದು ಕಾಣುವ ಮಡಿಕೆಗೆರೆ, ಹೆಡ್‌ಲೈಟಿನ ಸುತ್ತ, ರಬ್ಬರು, ಕಪ್ಪು ಪ್ಲಾಸ್ಟಿಕ್, ಇಷ್ಟಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚು ಮತ್ತು ಮಡಿಕೆಗಳ ಮೇಲೆ ಬಣ್ಣ ತೆಳ್ಳಗೆ ಕೂತಿರುತ್ತದೆ, ಅಲ್ಲಿ ಪ್ಯಾಡಿನ ಒತ್ತಡವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ನಾನು ಹೆದರಬೇಕಾದ ಜಾಗ ಎಂದದ್ದು ಇದನ್ನೇ.

ಬಾನೆಟ್ಟಿನ ಸಪಾಟಾದ ಕಡೆ ಒಂದೂವರೆ ಅಡಿ ಚೌಕ ಗುರುತು ಮಾಡಿ, ಅದರ ನಟ್ಟನಡುವೆ ಒಂದು ಟೇಪ್ ಎಳೆಯಿರಿ. ಟೇಪಿನ ಒಂದು ಬದಿ ಮಾತ್ರ ಇವತ್ತಿನ ಕೆಲಸ. ನಿಮ್ಮಲ್ಲಿರುವುದರಲ್ಲಿ ಎಲ್ಲಕ್ಕಿಂತ ಮೆತ್ತನೆಯ ಪ್ಯಾಡ್, ಎಲ್ಲಕ್ಕಿಂತ ನಯವಾದ ಪಾಲಿಶ್ ತೆಗೆದುಕೊಳ್ಳಿ. ಪಾಲಿಶ್‌ಗಿಂತ ಒರಟಾದ, ಖಾರದ ಕಾಂಪೌಂಡಿಗೆ ಆಮೇಲೆ ಹೋಗಬಹುದು. ಹೊಸ ಪ್ಯಾಡಿಗೆ ತೆಳುವಾಗಿ ಪಾಲಿಶ್ ಸವರಿ, ಮೇಲೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಹಾಕಿ. ಪ್ಯಾಡನ್ನು ಬಾನೆಟ್ಟಿನ ಮೇಲೆ ಇಟ್ಟು ಆಮೇಲೆ ಸ್ವಿಚ್ ಒತ್ತಿ. ಒಂದನೇ ಸ್ಪೀಡಿನಲ್ಲಿ ಹರಡಿ, ನಾಲ್ಕಕ್ಕೆ ಏರಿಸಿ. ಗದ್ದೆ ಉಳುವ ಹಾಗೆ ಉದ್ದುದ್ದ ಸಾಲು, ಆಮೇಲೆ ಅಡ್ಡ ಸಾಲು, ಒಂದು ಸಾಲು ಇನ್ನೊಂದರ ಅರ್ಧ ಭಾಗವನ್ನು ಮುಚ್ಚುವಂತೆ. ಕೈ ಓಡುವ ವೇಗ ಸೆಕೆಂಡಿಗೆ ಒಂದು ಅಂಗುಲ. ಹೊಸಬರೆಲ್ಲ ಇದರ ಮೂರು ಪಟ್ಟು ಓಡಿಸುತ್ತಾರೆ. ಭಯದಿಂದ ಕೈ ಓಡುತ್ತದೆ, ಕೈ ಓಡಿದರೆ ಗೀರು ಹೋಗುವುದಿಲ್ಲ, ಗೀರು ಹೋಗಲಿಲ್ಲವೆಂದು ಇನ್ನಷ್ಟು ಒತ್ತುತ್ತಾರೆ. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ ಸಾಕು, ನಿಲ್ಲಿಸಿ.

ಒರೆಸಿ, ಟೇಪ್ ಕಿತ್ತು, ಟಾರ್ಚ್ ಬಿಟ್ಟು ನೋಡಿ. ಪಾಲಿಶ್‌ನಲ್ಲಿರುವ ಎಣ್ಣೆಯ ಅಂಶ ಗೀರುಗಳನ್ನು ತಾತ್ಕಾಲಿಕವಾಗಿ ಮುಚ್ಚಿ ಮೋಸ ಮಾಡುವುದುಂಟು. ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲಿಗೆ ಏಳೆಂಟು ಪಾಲು ನೀರು ಬೆರೆಸಿ ಸಿಂಪಡಿಸಿ ಒರೆಸಿದರೆ ನಿಜ ಸಂಗತಿ ತಿಳಿಯುತ್ತದೆ. ಟೇಪಿನ ಆ ಬದಿಗೂ ಈ ಬದಿಗೂ ಇರುವ ವ್ಯತ್ಯಾಸವನ್ನು ಮನೆಯವರಿಗೂ ತೋರಿಸಿ. ಮಾರುವ ಮಾತು ಅಲ್ಲಿಗೆ ನಿಂತೀತು.

ಮನೆಯಲ್ಲಿ ಕಾರು ತೊಳೆಯುವುದು, ಪಾಲಿಶ್ ಮಾಡುವುದು ಎಲ್ಲ ನಾನೇ. ಇಷ್ಟು ದಿನ ಕೈಯಲ್ಲೇ ಉಜ್ಜುತ್ತಿದ್ದೆ. ಹೊಸದಾಗಿ ಡಿಎ ಮಷಿನ್ ತಂದು ಎರಡು ಸಲ ಪ್ರಯತ್ನಿಸಿದೆ. ಮಷಿನ್ ಕೈಯಿಂದ ಜಿಗಿದು ಹೋಗುವಂತೆ ಕುಣಿಯುತ್ತದೆ, ಹಚ್ಚಿದ ಕಾಂಪೌಂಡೆಲ್ಲ ಗೋಡೆಗೆ ಸಿಡಿಯಿತು. ಅದರ ಸದ್ದಿಗೇ ಕೈ ನಡುಕ ಬರುತ್ತದೆ. ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲವೇನೋ ಅನಿಸಿದೆ.
— ಶಿಕ್ಷಕಿ, ದಾವಣಗೆರೆ

ಮೇಡಂ, ನಿಮ್ಮ ಕೈಯಲ್ಲಿ ದೋಷವಿಲ್ಲ. ಮಷಿನ್ ಕುಣಿಯಲು ಮೂರು ಕಾರಣಗಳಿರಬಹುದು. ಪ್ಯಾಡ್ ಪ್ಲೇಟಿನ ನಡುವಿಗೆ ಸರಿಯಾಗಿ ಅಂಟಿಲ್ಲ. ಕಾಲು ಅಂಗುಲ ಆಚೀಚೆ ಆದರೂ ತೂಕ ತಪ್ಪಿ ಮಷಿನ್ ಒದೆಯುತ್ತದೆ. ಅಥವಾ ಪ್ಯಾಡಿಗೆ ಕಾಂಪೌಂಡ್ ವಿಪರೀತ ಕುಡಿಸಿದ್ದೀರಿ. ಅಥವಾ ಒಣ ಪ್ಯಾಡಿನಿಂದಲೇ ಶುರು ಮಾಡಿದ್ದೀರಿ, ಅದು ಬಣ್ಣವನ್ನು ಕಚ್ಚಿ ಕಚ್ಚಿ ಎಳೆಯುತ್ತಿದೆ. ಗೋಡೆಗೆ ಸಿಡಿಯಿತು ಎಂದರೆ ಸ್ವಿಚ್ ಹಾಕಿದ ಮೇಲೆ ಮಷಿನ್ ಕಾರಿಗೆ ಇಟ್ಟಿದ್ದೀರಿ, ಇಲ್ಲವೇ ಓಡುತ್ತಿರುವಾಗಲೇ ಮೇಲೆತ್ತಿದ್ದೀರಿ. ಹಾಕುವುದೂ ಆರಿಸುವುದೂ ಪ್ಯಾಡ್ ಕಾರಿನ ಮೈಮೇಲೆ ಇರುವಾಗಲೇ ಆಗಬೇಕು.

ಇಂಥ ಮಷಿನ್‌ಗಳು ಸಾಮಾನ್ಯವಾಗಿ ಎರಡು, ಎರಡೂವರೆ ಕೆ.ಜಿ. ಇರುತ್ತವೆ. ಬಾನೆಟ್ಟಿನ ಮೇಲೆ ಮಷಿನ್ನಿನ ತೂಕದ ಜೊತೆಗೆ ಕೈಯ ತೂಕ ಇಟ್ಟರೆ ಸಾಕು, ಭುಜ ಹಾಕಿ ಒತ್ತಬೇಕಿಲ್ಲ. ಬಿಗಿಯಾಗಿ ಹಿಡಿದಷ್ಟೂ ಕಂಪನ ಮೊಣಕೈವರೆಗೆ ಏರುತ್ತದೆ. ಸಡಿಲವಾಗಿ ಹಿಡಿದು ದಾರಿ ಮಾತ್ರ ತೋರಿಸಿ. ಬಾಗಿಲುಗಳ ವಿಷಯ ಬೇರೆ. ಅಲ್ಲಿ ಮಷಿನ್ನಿನ ತೂಕ ಕೆಲಸಕ್ಕೆ ಬರುವುದಿಲ್ಲ, ಹೊರುವುದೂ ಒತ್ತುವುದೂ ಎರಡೂ ನೀವೇ. ಅದಕ್ಕೇ ಬಾಗಿಲು ಮೊದಲ ದಿನಕ್ಕಲ್ಲ. ಬಾನೆಟ್ ಒಂದು ದಿನ, ಡಿಕ್ಕಿಯ ಮುಚ್ಚಳ ಇನ್ನೊಂದು ದಿನ, ಹೀಗೆ ಹಂಚಿಕೊಳ್ಳಿ. ಬಾಗಿಲಿಗೆ ಪುಟ್ಟ ಮಣೆ ಹಾಕಿಕೊಂಡು ಕೂತು ಮಾಡಿ. ಸುಸ್ತಾದ ಕೈಯೇ ಮಷಿನ್ ಓರೆ ಹಿಡಿಯುವುದು. ಒಂದೇ ದಿನದಲ್ಲಿ ಇಡೀ ಕಾರು ಮುಗಿಸಬೇಕೆಂದು ಯಾರೂ ಹೇಳಿಲ್ಲ.

ಸದ್ದಿನ ಭಯಕ್ಕೆ ಕಿವಿಗೆ ಹತ್ತಿ ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಇಯರ್ ಪ್ಲಗ್ ಸಿಗುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಸೀರೆಯ ಸೆರಗು, ದುಪಟ್ಟಾ, ಇಳಿಬಿಟ್ಟ ಜಡೆ, ಬಳೆ, ಉಂಗುರ ಯಾವುದೂ ಮಷಿನ್ ಬಳಿ ಬರಬಾರದು. ಗಂಡಸರಿಗಾದರೆ ಪ್ಯಾಂಟಿನ ಬೆಲ್ಟಿನ ಬಕಲ್, ಅದು ಬಾಗಿಲಿಗೆ ಒರಗಿದಾಗ ಎಳೆಯುವ ಗೀರನ್ನು ಯಾವ ಕಾಂಪೌಂಡೂ ತೆಗೆಯದು. ವೈರನ್ನು ಹೆಗಲ ಮೇಲಿಂದ ಬೆನ್ನ ಹಿಂದೆ ಬಿಡಿ. ಕಾರು ತೊಳೆದ ನೀರು ನೆಲದ ಮೇಲಿರುವಾಗ ಎಕ್ಸ್‌ಟೆನ್ಷನ್ ಬೋರ್ಡ್ ನೆಲಕ್ಕಿಡಬೇಡಿ. ಮನೆಯ ಲೈನಿಗೆ ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿ. ಕರೆಂಟ್ ಹೋದಾಗ ಸ್ವಿಚ್ ಆರಿಸಿ ಮಷಿನ್ ಕೆಳಗಿಡಿ. ಮರೆತು ಬಾನೆಟ್ಟಿನ ಮೇಲೆ ಹಾಗೇ ಬಿಟ್ಟಿದ್ದರೆ, ಕರೆಂಟ್ ಬಂದ ಕೂಡಲೇ ಅದು ತಾನಾಗಿ ಓಡುತ್ತದೆ.

ನಮ್ಮ ಕಡೆ ಗ್ಯಾರೇಜಿನ್ಯಾಗ ಗ್ರೈಂಡರ್‌ಗೆ ಉಣ್ಣಿ ಪ್ಯಾಡ್ ಹಾಕಿ ಅರ್ಧ ತಾಸಿನ್ಯಾಗ ಇಡೀ ಗಾಡಿ ಫಳಫಳ ಮಾಡಿ ಕೊಡ್ತಾರ್ರಿ. ನೀವು ನೋಡಿದ್ರ ಬಾನೆಟ್ಟಿಗೇ ಒಂದ ದಿನ ಅಂತೀರಿ. ಇಷ್ಟ್ಯಾಕ ಉಸಾಬರಿ?
— ಹುಬ್ಬಳ್ಳಿ

ಕಬ್ಬಿಣ ಕೊಯ್ಯುವ ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ಸುತ್ತುತ್ತದೆ. ಪಾಲಿಶ್‌ಗೆಂದೇ ಮಾಡಿದ ರೋಟರಿ ಮಷಿನ್ 600ರಿಂದ 3,000 ಸುತ್ತಿನೊಳಗೆ ಓಡುತ್ತದೆ. ಲೆಕ್ಕ ನೀವೇ ಹಾಕಿ. ಗ್ಯಾರೇಜಿನ ಬಾಗಿಲಲ್ಲಿ ಕಂಡ ಫಳಫಳದಲ್ಲಿ ಎಣ್ಣೆಯದೂ ಪಾಲಿದೆ. ಎರಡು ಸಲ ಶಾಂಪೂ ಹಾಕಿ ತೊಳೆದು ಸಂಜೆ ಬಿಸಿಲಿಗೆ ನಿಲ್ಲಿಸಿ ನೋಡ್ರಿ, ಬಣ್ಣದೊಳಗೆ ಬಿಲ್ಲಿನಾಕಾರದ ನೆರಳುಗಳು ಓಡಾಡುತ್ತವೆ. ಈ ಕಸುಬಿನಲ್ಲಿ ಅದಕ್ಕೆ ಹೋಲೊಗ್ರಾಮ್ ಅನ್ನುತ್ತಾರೆ. ಅದನ್ನು ತೆಗೆಯಲು ಮತ್ತೆ ಡಿಎ ಮಷಿನ್ನೇ ಬರಬೇಕು.

ರೋಟರಿ ಕೆಟ್ಟದ್ದು ಅಂತ ಅಲ್ಲ. ಪಳಗಿದ ಕೈಗೆ ಅದರಷ್ಟು ಬೇಗ ಕೆಲಸ ಮಾಡುವುದು ಇನ್ನೊಂದಿಲ್ಲ. ಗ್ರೈಂಡರ್ ಮಾತ್ರ ಯಾರ ಕೈಗೂ ಬೇಡ.

ತಂದೆಯವರು 1993ರಲ್ಲಿ ಕೊಂಡ ಕೆಂಪು ಮಾರುತಿ 800 ಇದೆ. ಬಣ್ಣ ಮಾಸಿ ಗುಲಾಬಿಗೆ ತಿರುಗಿದೆ. ಧೈರ್ಯ ಮಾಡಿ ಡಿಕ್ಕಿಯ ಮೇಲೆ ಮಷಿನ್ ಹಚ್ಚಿದೆ. ಒಂದೇ ನಿಮಿಷಕ್ಕೆ ಬಿಳಿ ಪ್ಯಾಡ್ ಪೂರ್ತಿ ಕೆಂಪಾಯಿತು! ಬಣ್ಣವೇ ಕಿತ್ತು ಬಂತೆಂದು ಮಷಿನ್ ಅಲ್ಲೇ ಬಿಟ್ಟು ಒಳಗೆ ಹೋದವನು ಇನ್ನೂ ಅದನ್ನು ಮುಟ್ಟಿಲ್ಲ. ಮುಂದುವರಿಸಬಹುದೇ?
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಮುಂದುವರಿಸಿ ಸರ್. ಆ ಕಾಲದ ಸಾದಾ ಬಣ್ಣದ ಕಾರುಗಳಿಗೆ ಸಾಮಾನ್ಯವಾಗಿ ಕ್ಲಿಯರ್ ಕೋಟ್ ಇರುತ್ತಿರಲಿಲ್ಲ. ಬಣ್ಣವೇ ಮೇಲಿನ ಪದರ. ಬಿಸಿಲಿಗೆ ಸತ್ತು ಗುಲಾಬಿಯಾದ ಪುಡಿಯನ್ನು ಪ್ಯಾಡ್ ಎತ್ತಿಕೊಂಡಿದೆ, ಅದು ಮಾಡಬೇಕಾದ ಕೆಲಸವೇ ಅದು. ನೀವು ಬಿಟ್ಟುಹೋದ ಜಾಗವನ್ನು ಒರೆಸಿ ನೋಡಿ. 1993ರ ಕೆಂಪು ಅಲ್ಲಿ ಕಾದಿರುತ್ತದೆ.

ಅನುಮಾನವಿದ್ದರೆ ಹೀಗೆ ಮಾಡಿ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಕೈಯಲ್ಲೇ ಉಜ್ಜಿ. ಕಾರಿನ ಬಣ್ಣ ಬಟ್ಟೆಗೆ ಹತ್ತಿದರೆ ಅಲ್ಲಿ ಕ್ಲಿಯರ್ ಕೋಟ್ ಇಲ್ಲ. ಇದರ ಇನ್ನೊಂದು ಮಗ್ಗುಲನ್ನು ಹೊಸ ಕಾರಿನವರು ಗಟ್ಟಿಯಾಗಿ ನೆನಪಿಡಬೇಕು: ಮೆಟಾಲಿಕ್ ಬಣ್ಣದ, ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಹತ್ತಿತೆಂದರೆ ಕ್ಲಿಯರ್ ಕೋಟ್ ಮುಗಿದಿದೆ. ಆ ಕ್ಷಣ ಮಷಿನ್ ಆರಿಸಬೇಕು. ಅಲ್ಲಿಂದ ಮುಂದೆ ಪಾಲಿಶ್ ಕೆಲಸವಲ್ಲ, ಪೇಂಟರ್ ಕೆಲಸ.

ನಿಮ್ಮ ಕಾರಿನ ಪ್ಯಾಡ್ ಬೇಗ ತುಂಬಿಕೊಳ್ಳುತ್ತದೆ. ಪ್ರತಿ ಚೌಕ ಮುಗಿದ ಮೇಲೆ ಬ್ರಷ್‌ನಿಂದ ಉಜ್ಜಿ ಪುಡಿ ತೆಗೆಯಿರಿ, ನಾಲ್ಕೈದು ಪ್ಯಾಡ್ ಇಟ್ಟುಕೊಂಡು ಬದಲಿಸುತ್ತಿರಿ. ಮೂವತ್ತು ವರ್ಷದಲ್ಲಿ ಯಾರು ಯಾರು ಎಷ್ಟು ಸಲ ಉಜ್ಜಿದ್ದಾರೋ ಲೆಕ್ಕವಿಲ್ಲದ ಕಾರಾದ್ದರಿಂದ ಅಂಚುಗಳನ್ನು ಮಷಿನ್ನಿಗೆ ಕೊಡಲೇಬೇಡಿ, ಕೈಯಲ್ಲಿ ಮಾಡಿ. ಮುಗಿದ ಮೇಲೆ ಒಳ್ಳೆಯ ವ್ಯಾಕ್ಸ್ ಹಚ್ಚಿ, ಇಲ್ಲದಿದ್ದರೆ ಅದು ಮತ್ತೆ ಗುಲಾಬಿಯಾಗುತ್ತದೆ.

ಹಚ್ಚಿದ ಅರ್ಧ ನಿಮಿಷಕ್ಕೆ ಕಾಂಪೌಂಡ್ ಒಣಗಿ ಸುಣ್ಣದ ಪುಡಿಯ ಹಾಗೆ ಹಾರುತ್ತದೆ, ಒರೆಸಿದರೆ ಬರುವುದಿಲ್ಲ. ಕಾಂಪೌಂಡ್ ನಕಲಿಯೇ? ಬೋರ್‌ವೆಲ್ ನೀರಿನ ಬಿಳಿ ಕಲೆಗಳೂ ಇವೆ.
— ಕಲಬುರಗಿ

ಕಾಂಪೌಂಡಿನ ಮೇಲೆ ಆರೋಪ ಹೊರಿಸುವ ಮೊದಲು ಕಾರಿನ ಮೇಲೆ ಅಂಗೈ ಇಟ್ಟು ನೋಡಿ. ಐದು ಸೆಕೆಂಡ್ ಇಡಲಾಗದಿದ್ದರೆ ಆ ತಗಡು ಪಾಲಿಶ್‌ಗೆ ಸಿದ್ಧವಿಲ್ಲ. ನಿಮ್ಮ ಕಡೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಆ ಸ್ಥಿತಿ ಇರುತ್ತದೆ. ನಸುಕಿನಲ್ಲಿ, ಛಾವಣಿಯ ಕೆಳಗೆ ಮಾಡಿ. ಫ್ಯಾನಿನ ಗಾಳಿ ನೇರವಾಗಿ ಕಾರಿಗೆ ಬೀಸದಿರಲಿ, ಸೆಖೆ ನಿಮಗಾದರೂ ಗಾಳಿಗೆ ಒಣಗುವುದು ಕಾಂಪೌಂಡು. ಚೌಕವನ್ನು ಒಂದು ಅಡಿಗೆ ಇಳಿಸಿ. ಒಣಗಿ ಕೂತದ್ದನ್ನು ಬಲವಂತವಾಗಿ ಒರೆಸಬೇಡಿ. ಅದೇ ಪ್ಯಾಡಿಗೆ ಹೊಸದಾಗಿ ಒಂದು ಹನಿ ಹಾಕಿ ಮೇಲೆ ಆಡಿಸಿದರೆ ಕರಗಿ ಬರುತ್ತದೆ.

ನೀರಿನ ಕಲೆ ಸುಣ್ಣದ ಅಂಶದ್ದು. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಒಂದು ನಿಮಿಷ ಇಟ್ಟು ತೊಳೆಯಿರಿ. ಹೋಗದೆ ಉಳಿದದ್ದು ಕ್ಲಿಯರ್ ಕೋಟನ್ನು ತಿಂದಿದೆ, ಅದಕ್ಕೆ ಮಾತ್ರ ಮಷಿನ್.

ಅಪಘಾತವಾಗಿ ಎಡಗಡೆಯ ಒಂದು ಬಾಗಿಲಿಗೆ ಟಿಂಕರಿಂಗ್, ಪೇಂಟಿಂಗ್ ಆಗಿದೆ. ಬಣ್ಣದ ದಪ್ಪ ಅಳೆಯುವ ಮೀಟರ್ ತರಿಸಿ ಇಟ್ಟು ನೋಡಿದರೆ ಬೇರೆ ಕಡೆ 110 ಚಿಲ್ಲರೆ, ಆ ಬಾಗಿಲಲ್ಲಿ 280. ದಪ್ಪ ಇದೆಯಲ್ಲ, ಅಲ್ಲಿ ಧೈರ್ಯವಾಗಿ ಉಜ್ಜಬಹುದಲ್ಲವೇ? ಬಂಪರ್ ಮೇಲೆ ಮೀಟರ್ ಏನೂ ತೋರಿಸುತ್ತಿಲ್ಲ.
— ಶಿವಮೊಗ್ಗ

ಹೊಸಬರಿಗೆ ಧೈರ್ಯ ಬರಬಾರದ ಜಾಗವೇ ಅದು. ಮೀಟರ್ ಹೇಳುವುದು ತಗಡಿನಿಂದ ಮೇಲಿನವರೆಗಿನ ಒಟ್ಟು ದಪ್ಪವನ್ನು. 280ರಲ್ಲಿ ಹಳೆಯ ಬಣ್ಣ ಎಷ್ಟು, ಪ್ರೈಮರ್ ಎಷ್ಟು, ಹೊಸ ಬಣ್ಣ ಎಷ್ಟು, ಕ್ಲಿಯರ್ ಕೋಟ್ ಎಷ್ಟು ಎಂದು ಅದು ಬಿಡಿಸಿ ಹೇಳುವುದಿಲ್ಲ. ಕೆಳಗೆ ಪುಟ್ಟಿ ಮೆತ್ತಿದ್ದರೆ ಅಂಕಿ ಸಾವಿರ ದಾಟಿದರೂ ಮೇಲಿನ ಕ್ಲಿಯರ್ ಕೋಟ್ ತೆಳುವಾಗಿಯೇ ಇರಬಹುದು. ಮರುಬಣ್ಣ ಕಾರ್ಖಾನೆಯ ಬಣ್ಣಕ್ಕಿಂತ ಮೆತ್ತಗಿರುವುದೂ ಹೆಚ್ಚು. ಕಾರ್ಖಾನೆಯಲ್ಲಿ ಬಾಡಿಯನ್ನು ನೂರು ಡಿಗ್ರಿ ಮೀರಿದ ಶಾಖದಲ್ಲಿ ಬೇಯಿಸುತ್ತಾರೆ. ಸೀಟು, ವೈರಿಂಗ್ ಎಲ್ಲ ಇರುವ ಕಾರಿಗೆ ಬಾಡಿ ಶಾಪಿನಲ್ಲಿ 60 ಡಿಗ್ರಿ ಆಸುಪಾಸಿಗಿಂತ ಹೆಚ್ಚು ಕೊಡಲಾಗದು. ಶಾಖವನ್ನೇ ಕೊಡದೆ ಗಾಳಿಗೆ ಒಣಗಿಸಿದ್ದಾದರೆ ಒಂದು ತಿಂಗಳು ಮುಟ್ಟಬೇಡಿ. ಆ ಬಾಗಿಲಿಗೆ ನಯವಾದ ಪಾಲಿಶ್, ಮೆತ್ತನೆಯ ಪ್ಯಾಡ್, ಅಷ್ಟೇ.

ಮೀಟರನ್ನು ಉಪಯೋಗಿಸಬೇಕಾದ ರೀತಿಯೇ ಬೇರೆ. ಒಂದೇ ಬಾನೆಟ್ಟಿನಲ್ಲಿ ಹತ್ತು ಕಡೆ ಇಟ್ಟು ನೋಡಿ. ಎಲ್ಲ ಕಡೆ 110 ಇದ್ದು ಒಂದು ಮೂಲೆಯಲ್ಲಿ 80 ಬಂದರೆ ಅಲ್ಲಿ ಯಾರೋ ಹಿಂದೆ ಜೋರಾಗಿ ಉಜ್ಜಿರಬಹುದು. ಆ ಮೂಲೆಗೆ ಟೇಪ್ ಹಚ್ಚಿ ಮುಂದೆ ಹೋಗಿ.

ಬಂಪರ್ ಪ್ಲಾಸ್ಟಿಕ್. ಈ ಮೀಟರ್‌ಗಳು ಲೋಹದ ಮೇಲಷ್ಟೇ ಓದುತ್ತವೆ. ಲೋಹದ ತಗಡು ಶಾಖವನ್ನು ಬೇಗ ಹರಡಿಬಿಡುತ್ತದೆ, ಪ್ಲಾಸ್ಟಿಕ್ ಹರಡುವುದಿಲ್ಲ. ಪ್ಯಾಡಿನಡಿ ಹುಟ್ಟಿದ ಶಾಖ ಬಣ್ಣದಲ್ಲೇ ಉಳಿದು ಅದನ್ನು ಮೆತ್ತಗೆ ಮಾಡುತ್ತದೆ. ಬಂಪರಿನಲ್ಲಿ ತಿರುವು, ಮೂಲೆಗಳೂ ಹೆಚ್ಚು. ಮೊದಲ ಕಾರಿನ ಬಂಪರುಗಳನ್ನು ಕೈಯಲ್ಲೇ ಮಾಡಿ ಮುಗಿಸಿ ಎಂಬುದು ನನ್ನ ಸಲಹೆ.

ಕಾಂಪೌಂಡ್ ಹಚ್ಚಿದ ಮೇಲೆ ಗೀರು ಹೋಯಿತು, ಆದರೆ ಇಡೀ ಬಾನೆಟ್ ಮಬ್ಬಾಯಿತು. ಕೆಡಿಸಿಬಿಟ್ಟೆನೇ?
— ತುಮಕೂರು

ಇಲ್ಲ. ಅದು ಕಾಂಪೌಂಡಿನ ಕಣಗಳೂ ಗಡಸು ಪ್ಯಾಡೂ ಬಿಟ್ಟ ಅತಿ ಸಣ್ಣ ಗುರುತುಗಳು. ಮೆತ್ತನೆಯ ಬಣ್ಣದ ಕಾರುಗಳಲ್ಲಿ ಎದ್ದು ಕಾಣುತ್ತವೆ. ಫಿನಿಶಿಂಗ್ ಪ್ಯಾಡ್ ಮತ್ತು ನಯವಾದ ಪಾಲಿಶ್ ಹಾಕಿ ಇನ್ನೊಂದು ಸುತ್ತು ಬಂದರೆ ಹೋಗುತ್ತದೆ. ಹೊಸಬರು ಹೆದರಿ ಕೆಲಸ ಬಿಡುವುದು ಬಹಳ ಸಲ ಈ ಹಂತದಲ್ಲೇ, ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿರುವಾಗ.

ನನ್ನದು ಮ್ಯಾಟ್ ಫಿನಿಶ್ ಕಾರು...
— ಉಡುಪಿ

ಬೇಡ. ಮ್ಯಾಟ್ ಬಣ್ಣಕ್ಕೆ ಮಷಿನ್ನೂ ಬೇಡ, ಕೈಯಲ್ಲಿ ಪಾಲಿಶ್ ಉಜ್ಜುವುದೂ ಬೇಡ. ಉಜ್ಜಿದ ಕಡೆ ಹೊಳೆಯುವ ತೇಪೆ ಬೀಳುತ್ತದೆ, ಅದನ್ನು ಮತ್ತೆ ಮ್ಯಾಟ್ ಮಾಡಲು ಮರುಬಣ್ಣವೊಂದೇ ದಾರಿ.

ತಿಂಗಳಿಡೀ ಭಾನುವಾರಗಳಲ್ಲಿ ಕೂತು ಇಡೀ ಕಾರು ಮಾಡಿದೆ. ಭಯ ಪೂರ್ತಿ ಹೋಗಿದೆ. ಈಗ ಡ್ರೈವರ್ ಕಡೆಯ ಬಾಗಿಲಲ್ಲಿ ನಾಲ್ಕು ಗೀರು ಉಳಿದಿವೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ರೋಟರಿ ತರಲೇ? ನೀರು ಹಾಕಿ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಲೇ?
— ಜಯನಗರ, ಬೆಂಗಳೂರು

ನಿಮ್ಮ ಪತ್ರ ಓದಿ ನನಗೆ ಭಯವಾಯಿತು. ಹೆದರಿದವರ ಕೈಯಲ್ಲಿ ಕಾರು ಕೆಡುವುದು ಕಡಿಮೆ. ಭಯ ಪೂರ್ತಿ ಹೋದವರ ಕೈಯಲ್ಲಿ ಕೆಟ್ಟ ಕಾರುಗಳು ನಮ್ಮ ಶೆಡ್ಡಿಗೆ ಬರುತ್ತಲೇ ಇರುತ್ತವೆ.

ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ನಿಲುಕುವುದಲ್ಲ. ಅದನ್ನು ಮಾಯ ಮಾಡಬೇಕಾದರೆ ಸುತ್ತಲಿನ ಕ್ಲಿಯರ್ ಕೋಟನ್ನೆಲ್ಲ ಗೀರಿನ ತಳದ ಮಟ್ಟಕ್ಕೆ ಇಳಿಸಬೇಕು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುತ್ತಿರುವುದು ಅದೇ ಪದರ. ಒಮ್ಮೆ ಸವೆದ ಮೇಲೆ ಅದು ಮತ್ತೆ ಬೆಳೆಯುವುದಿಲ್ಲ. ಮೇಲೆ ಹಚ್ಚುವ ವ್ಯಾಕ್ಸಾಗಲಿ ಸೆರಾಮಿಕ್ ಕೋಟಿಂಗಾಗಲಿ ಕಳೆದುಹೋದ ಮೈಕ್ರಾನುಗಳನ್ನು ತಂದುಕೊಡುವುದಿಲ್ಲ. ಅತಿಯಾಗಿ ಸವೆಸಿದ ಕ್ಲಿಯರ್ ಕೋಟ್ ಆ ದಿನ ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ಬೇಸಿಗೆ ಕಳೆದ ಮೇಲೆ ಬಿಳಿಚಿಕೊಂಡು ಹಪ್ಪಳ ಏಳುತ್ತದೆ.

ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆ ದಾಟುವ ಕಾರಿನಲ್ಲಿ ನಾಲ್ಕು ಗೀರು ಇರಲಿ ಬಿಡಿ. ಆಳವಾದ ಗೀರಿನ ಬಾಯಿಗಳನ್ನು ಪಾಲಿಶ್ ಈಗಾಗಲೇ ದುಂಡಗೆ ಮಾಡಿರುತ್ತದೆ, ಬೆಳಕು ಮೊದಲಿನಷ್ಟು ಚೂಪಾಗಿ ಮಿಂಚುವುದಿಲ್ಲ. ಎರಡು ಹೆಜ್ಜೆ ದೂರ ನಿಂತರೆ ನಿಮ್ಮ ಹೊರತು ಬೇರೆ ಯಾರಿಗೂ ಕಾಣದು. ಸ್ಯಾಂಡ್‌ಪೇಪರ್ ಡಬ್ಬಿಯನ್ನು ಮುಚ್ಚಿಡಿ. ರೋಟರಿ ಕಲಿಯುವ ಆಸೆ ಇದ್ದರೆ ಕಲಿಯಿರಿ, ಗುಜರಿ ಬಾಗಿಲ ಮೇಲೆ.

ನಿಮ್ಮ ಅಂಕಣ ಓದಿ ಕಳೆದ ವರ್ಷ ನಾನೇ ಕಾರಿಗೆ ಮಷಿನ್ ಪಾಲಿಶ್ ಮಾಡಿದೆ. ಈಗ ಮತ್ತೆ ಸುತ್ತು ಗೀರು ಬಂದಿವೆ. ವರ್ಷಕ್ಕೊಮ್ಮೆ ಮಾಡುತ್ತಿರಬೇಕೇ?
— ಮಂಗಳೂರು

ವರ್ಷಕ್ಕೊಮ್ಮೆ ಮಾಡಿದರೆ ಕಾರಿಗಿಂತ ಮೊದಲು ಬಣ್ಣ ಮುಗಿಯುತ್ತದೆ. ಗೀರು ಎಲ್ಲಿಂದ ಬಂತು ಎಂದು ಮೊದಲು ಹುಡುಕಿ. ನಿಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲಾಗಿ ಹತ್ತು ಕಾರು ಒರೆಸುವವರಿದ್ದರೆ ಉತ್ತರ ಅಲ್ಲೇ ಇದೆ. ಮೊದಲ ಒಂಬತ್ತು ಕಾರುಗಳ ಮಣ್ಣು ಹತ್ತನೆಯದರ ಮೇಲೆ ಉಜ್ಜಿಸಿಕೊಳ್ಳುತ್ತದೆ. ಅವರಿಗೆ ಸಂಬಳ ಕೊಡುವುದನ್ನು ನಿಲ್ಲಿಸಬೇಡಿ, ಹೊರಗೆ ಒರೆಸುವುದು ಬೇಡ, ಗಾಜು ಮತ್ತು ಒಳಗಿನ ಮ್ಯಾಟ್ ಸಾಕು ಎಂದು ಹೇಳಿ. ವಾರಕ್ಕೊಮ್ಮೆ ನೀವೇ ತೊಳೆಯಿರಿ: ಮೊದಲು ನೀರು ಹಾಯಿಸಿ ಧೂಳಿಳಿಸಿ, ಒಂದು ಬಕೆಟ್ ಶಾಂಪೂವಿಗೆ, ಇನ್ನೊಂದು ಬಟ್ಟೆ ಜಾಲಿಸಲು. ಹಕ್ಕಿಯ ಹಿಕ್ಕೆ, ಹೂಬಿಟ್ಟ ಮಾವಿನ ಮರದಿಂದ ಜಿಗಿಹುಳು ಸುರಿಸುವ ಅಂಟು, ಇವನ್ನು ಕಂಡ ದಿನವೇ ನೆನೆಸಿ ತೆಗೆಯಿರಿ, ಕೆರೆಯಬೇಡಿ. ಮೇಲೆ ಸೀಲಂಟ್ ಅಥವಾ ವ್ಯಾಕ್ಸ್ ಹಚ್ಚುತ್ತಿದ್ದರೆ ಮುಂದಿನ ಮಷಿನ್ ಪಾಲಿಶ್ ಮೂರು ನಾಲ್ಕು ವರ್ಷದ ಮಾತು. ಈಗ ಬಂದಿರುವ ಗೀರುಗಳು ನೇರ ಬಿಸಿಲಲ್ಲಿ ಮಾತ್ರ ಕಾಣುತ್ತಿದ್ದರೆ ಈ ವರ್ಷ ಮಷಿನ್ ಹೊರಗೆ ತೆಗೆಯಬೇಡಿ.

ಮುಂದಿನ ಸಂಚಿಕೆಗೆ ಬಣ್ಣದ ಬಗ್ಗೆ ಬರೆಯುವವರು ಕಾರಿನ ವರ್ಷ, ಬಣ್ಣ, ಯಾವ ಭಾಗಕ್ಕೆ ಮರುಬಣ್ಣವಾಗಿದೆ, ಕೈಯಲ್ಲಿರುವ ಮಷಿನ್ ಯಾವ ಬಗೆಯದು ಎಂಬುದನ್ನು ತಪ್ಪದೆ ತಿಳಿಸಿ. ಇಷ್ಟಿಲ್ಲದ ಪತ್ರಗಳಿಗೆ ಉತ್ತರ ಕೊಡುವುದು ಕಷ್ಟ.